ಕೋಶವೋ ಆತ್ಮವೋ? ತೈತ್ತಿರೀಯದ ಪಂಚಮಯಗಳ ವಿವೇಚನೆ

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ‘ಲೈಟ್ ಆನ್ ಯೋಗ’ 1966ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅವರ ಪರಂಪರೆಯ ಯೋಗಶಾಲೆಯೊಂದು ಆ ನಗರದ ಮೈಡಾ ವೇಲ್‌ನಲ್ಲಿದೆ. 2005ರ ‘ಲೈಟ್ ಆನ್ ಲೈಫ್’ ಗ್ರಂಥದ ವಿನ್ಯಾಸವೇ ಪಂಚಕೋಶಗಳ ಕ್ರಮದಲ್ಲಿದೆ: ದೇಹ, ಪ್ರಾಣ, ಮನಸ್ಸು, ವಿಜ್ಞಾನ, ಆನಂದ. ಇಂಗ್ಲಿಷಿನಲ್ಲಿ ಕೋಶವನ್ನು ಒರೆ ಅಥವಾ ಪದರ ಎಂಬರ್ಥದ ಪದಗಳಿಂದ ಅನುವಾದಿಸುವುದು ರೂಢಿ. ಆದರೆ ಮೂಲವು ಹೇಳುವುದು ಇಷ್ಟನ್ನೇ ಅಲ್ಲ.

ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಓಂಕಾರವನ್ನು ಬ್ರಹ್ಮದ ಕೋಶವೆಂದು ಕರೆದಿದೆ. ಆದರೆ ಅನ್ನಮಯಾದಿಗಳನ್ನು ನಿರೂಪಿಸುವ ಬ್ರಹ್ಮಾನಂದವಲ್ಲಿಯಲ್ಲಿ ಅವುಗಳಿಗೆ ಕೋಶವೆಂಬ ಹೆಸರಿಲ್ಲ. ಅಲ್ಲಿ ಪ್ರತಿಯೊಂದೂ ಹಿಂದಿನದಕ್ಕಿಂತ ಒಳಗಿನ ಮತ್ತೊಂದು ‘ಆತ್ಮ’. ಒಳಗಿನದು ಹೊರಗಿನದನ್ನು ತುಂಬಿರುತ್ತದೆ. ಐದಕ್ಕೂ ತಲೆ, ರೆಕ್ಕೆ, ನಡು, ಬಾಲಗಳುಳ್ಳ ಹಕ್ಕಿಯ ರೂಪಕವಿದೆ.

‘ಪಂಚಕೋಶ’ ಎಂಬ ಪರಿಭಾಷೆ ಶಂಕರರ ಭಾಷ್ಯದಲ್ಲಿ ಸ್ಪಷ್ಟವಾಗಿ ಕಾಣಿಸುತ್ತದೆ. ಅಲ್ಲಿ ಎರಡು ಉಪಮೆಗಳಿವೆ. ಹಲವು ಹೊಟ್ಟುಗಳನ್ನು ತೆಗೆದು ಹಾರಕದ ಅಕ್ಕಿಯನ್ನು ಕಾಣುವಂತೆ ಕೋಶಗಳನ್ನು ನಿವಾರಿಸಬೇಕೆಂಬುದು ಒಂದು. ಅಚ್ಚಿಗೆ ಸುರಿದ ಕರಗಿದ ತಾಮ್ರದಂತೆ ಒಳಗಿನದು ಹೊರಗಿನದರ ಆಕಾರವನ್ನು ತಾಳುತ್ತದೆಂಬುದು ಇನ್ನೊಂದು. ಪದರವೆಂಬ ಅನುವಾದ ಮೊದಲನೆಯದನ್ನು ಮಾತ್ರ ಉಳಿಸಿಕೊಂಡು ಎರಡನೆಯದನ್ನು ಕಳೆದುಕೊಳ್ಳುತ್ತದೆ.

ಕೊನೆಯ ಆನಂದಮಯದ ವಿಷಯದಲ್ಲಿ ಆಚಾರ್ಯರ ಮತಭೇದ ಇನ್ನೂ ಆಳವಾದುದು. ಆನಂದಮಯದ ಬಾಲವಾಗಿ, ಆಧಾರವಾಗಿ ಬ್ರಹ್ಮವನ್ನು ಹೇಳಿರುವುದರಿಂದ ಅದೂ ದಾಟಬೇಕಾದ ಕೋಶವೇ ಎಂಬುದು ಶಂಕರರ ನಿಲುವು. ರಾಮಾನುಜರಿಗೆ ಆನಂದಮಯವೇ ಪರಬ್ರಹ್ಮ. ಮಧ್ವರಿಗೆ ಅನ್ನಮಯದಿಂದ ಆನಂದಮಯದವರೆಗಿನ ಐದೂ ಕ್ರಮವಾಗಿ ಅನಿರುದ್ಧ, ಪ್ರದ್ಯುಮ್ನ, ಸಂಕರ್ಷಣ, ವಾಸುದೇವ, ನಾರಾಯಣ ಎಂಬ ಭಗವದ್ರೂಪಗಳು; ಅಲ್ಲಿ ಕಳಚಬೇಕಾದುದೇನೂ ಇಲ್ಲ.

ಈ ಭೇದ ಕನ್ನಡ ಪಠ್ಯಗಳ ಓದಿಗೆ ನೇರವಾಗಿ ಸಂಬಂಧಿಸಿದ್ದು. ವಿದ್ಯಾರಣ್ಯರ ಹೆಸರಿನಲ್ಲಿರುವ ‘ಪಂಚದಶಿ’ಯ ಮೂರನೆಯ ಪ್ರಕರಣದ ಹೆಸರೇ ‘ಪಂಚಕೋಶವಿವೇಕ’. ಅಲ್ಲಿ ವಿವೇಕವೆಂದರೆ ಕೋಶಗಳಿಂದ ಆತ್ಮವನ್ನು ಬೇರ್ಪಡಿಸಿ ಅರಿಯುವುದು. ಆ ಅರ್ಥವನ್ನೇ ಮಾಧ್ವ ಹಿನ್ನೆಲೆಯ ದಾಸಸಾಹಿತ್ಯಕ್ಕೆ ಆರೋಪಿಸಿದರೆ, ಉಪಾಸ್ಯವಾದುದು ತ್ಯಾಜ್ಯವಾಗಿಬಿಡುತ್ತದೆ. ಕನ್ನಡದಲ್ಲಿ ಕೋಶವೆಂದರೆ ಒರೆಯೂ ಹೌದು, ಬೊಕ್ಕಸವೂ ಹೌದು. ಒರೆಯಿಂದ ಕತ್ತಿಯನ್ನು ಹಿರಿಯಬೇಕು, ಬೊಕ್ಕಸದೊಳಗೆ ನಿಧಿಯಿರುತ್ತದೆ. ಹೊರನಾಡಿನ ಓದುಗರಿಗಾಗಿ ಅನುವಾದಿಸುವವರು ‘ಪದರ’ ಎಂದು ಬರೆಯುವ ಮೊದಲು ಪಠ್ಯದ ಸಂಪ್ರದಾಯವನ್ನು ನಿರ್ಧರಿಸಿಕೊಳ್ಳಬೇಕು. ಅದು ಸಾಧ್ಯವಾಗದೆಡೆ ‘ಕೋಶ’ವನ್ನು ಹಾಗೆಯೇ ಉಳಿಸುವುದು ಲೇಸು.