ಠಣ್ ಅನ್ನುವ ಕಬ್ಬಿಣ, ದಬ್ ಅನ್ನುವ ಕಬ್ಬಿಣ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತಲ್ಲ, ಆಮೇಲಿನ ಒಂದು ವಾರ ಸಿಂಧನೂರಿನ ಚಹಾದಂಗಡಿಗಳಲ್ಲಿ ಎಲ್ಲರೂ ಕಬ್ಬಿಣದ ಪಂಡಿತರಾಗಿದ್ದರು. ಎಡದಂಡೆ ನಾಲೆ ನಂಬಿ ಭತ್ತ ಹಚ್ಚಿದ ಊರು. ಪಂಡಿತರಾಗದೆ ಬೇರೆ ದಾರಿ ಇರಲಿಲ್ಲ. ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರು ಬಂದು, ರಭಸದಿಂದ ಹರಿಯುವ ನೀರಿಗೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಹಲಗೆ ಇಳಿಸಿದರು. ನಾವು ಉಸಿರು ಬಿಟ್ಟೆವು. ನನ್ನ ತಲೆಯಲ್ಲಿ ಮಾತ್ರ ಒಂದು ಪ್ರಶ್ನೆ ಉಳಿಯಿತು. ನೀರಿನಲ್ಲೇ ನಿಂತ ಕಬ್ಬಿಣವನ್ನು ಎಪ್ಪತ್ತು ವರ್ಷ ಕಾಯುವುದೆಂದರೆ ಏನು ಕೆಲಸ ಮಾಡುವುದು?

ಅದಕ್ಕೆ ಉತ್ತರ ಹುಡುಕಲು ಹೊಳೆಗಿಂತ ಕಡಲು ಒಳ್ಳೆಯದು. ಹುಬ್ಬಳ್ಳಿ ದಾಟಿ, ಅರಬೈಲು ಘಾಟ್ ಇಳಿದು ಕಾರವಾರಕ್ಕೆ ಹೋದರೆ ರವೀಂದ್ರನಾಥ ಟ್ಯಾಗೋರ್ ಕಡಲ ತೀರದಲ್ಲಿ ‘ಐಎನ್‌ಎಸ್ ಚಪಲ್’ ಇದೆ. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ, 1976ರಲ್ಲಿ ನಮ್ಮ ನೌಕಾಪಡೆ ಸೇರಿದ ಕ್ಷಿಪಣಿ ದೋಣಿ. 2005ರಲ್ಲಿ ನಿವೃತ್ತಿಯಾಗಿ, ಮರುವರ್ಷ ಇಲ್ಲಿ ವಸ್ತುಸಂಗ್ರಹಾಲಯವಾಯಿತು. ಉದ್ದ 39 ಮೀಟರಿಗೆ ತುಸು ಕಡಿಮೆ. ಬೆನ್ನ ಮೇಲೆ ನಾಲ್ಕು ಕ್ಷಿಪಣಿಗಳ ಗೂಡು. ಹೊಟ್ಟೆಯಲ್ಲಿ ಮೂರು ಡೀಸೆಲ್ ಎಂಜಿನ್, ಒಂದೊಂದಕ್ಕೂ 56 ಸಿಲಿಂಡರು. ನಮ್ಮ ಟ್ರ್ಯಾಕ್ಟರಿಗೆ ಮೂರೋ ನಾಲ್ಕೋ ಇರುತ್ತವೆ! 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ನುಗ್ಗಿದ ನಿಪಾತ್, ನಿರ್ಘಾತ್, ವೀರ್ ದೋಣಿಗಳು ಇದೇ ವಂಶದ ಹಿರಿಯಕ್ಕಂದಿರು.

ಚಪಲ್ ಈಗ ನೀರಿನಲ್ಲಿಲ್ಲ, ದಡದ ಮೇಲಿದೆ. ಹಾಗಾದರೆ ತುಕ್ಕಿನ ಕಾಟ ತಪ್ಪಿತೆಂದು ನಾನೂ ಅಂದುಕೊಂಡಿದ್ದೆ. ಕಡಲ ಗಾಳಿಗೆ ಕೈ ಒಡ್ಡಿ ನಾಲಿಗೆಗೆ ಹಚ್ಚಿ ನೋಡಿ, ಉಪ್ಪು. ಆ ಉಪ್ಪಿನ ಕಣ ತಗಡಿನ ಮೇಲೆ ಕೂತು ಗಾಳಿಯ ತೇವವನ್ನು ಹೀರುತ್ತದೆ. ಕಬ್ಬಿಣ, ತೇವ, ಗಾಳಿ ಮೂರೂ ಕೂಡಿದಲ್ಲಿ ತುಕ್ಕು ಹುಟ್ಟುತ್ತದೆ. ಉಪ್ಪು ಬಿದ್ದರೆ ಆ ಕೆಲಸಕ್ಕೆ ಕಾಲು ಬರುತ್ತದೆ. ತುಕ್ಕಿನ ಕೆಟ್ಟ ಗುಣ ಏನೆಂದರೆ ಅದು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಉಬ್ಬುತ್ತದೆ, ಹೊಪ್ಪಳಿಕೆ ಏಳುತ್ತದೆ, ಉದುರುತ್ತದೆ, ಅಡಿಯ ಹೊಸ ಕಬ್ಬಿಣವನ್ನು ಗಾಳಿಗೆ ತೆರೆದಿಡುತ್ತದೆ. ತಾಮ್ರದ ಕಿಲುಬು ಹಾಗಲ್ಲ, ಒಮ್ಮೆ ಹಿಡಿದರೆ ಒಳಗಿನದನ್ನು ಅದೇ ಕಾಯುತ್ತದೆ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಬಂಗಾರಕ್ಕೆ ಈ ಚಿಂತೆಯೇ ಇಲ್ಲ. ಮಸ್ಕಿಯ ಬಂಡೆಗೂ ಹೆಚ್ಚಿಲ್ಲ. ಅಶೋಕನ ಹೆಸರು ಹೊತ್ತ ಆ ಶಾಸನ ಎರಡು ಸಾವಿರಕ್ಕೂ ಹೆಚ್ಚು ವರ್ಷ ಸುಮ್ಮನೆ ಕೂತಿದ್ದು, 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿತ್ತು. ಅದೇ ಮಸ್ಕಿಯಲ್ಲಿ 1954ರಲ್ಲಿ ಬಿ. ಕೆ. ಥಾಪರ್ ಉತ್ಖನನ ಮಾಡಿದಾಗ ಬೃಹತ್ ಶಿಲಾಯುಗದ ಕಬ್ಬಿಣದ ವಸ್ತುಗಳೂ ಸಿಕ್ಕವು. ಕಲ್ಲು ತನ್ನಷ್ಟಕ್ಕೆ ತಾನು ಉಳಿಯುತ್ತದೆ. ಕಬ್ಬಿಣ ಗಾಳಿಗೆ ಬಂದ ದಿನದಿಂದ ಅದಕ್ಕೊಬ್ಬರು ಆಳು ಬೇಕು.

ಆ ಆಳಿನ ಕೆಲಸ ಹೀಗೆ ನಡೆಯುತ್ತದೆ. ಮೊದಲು ಸಿಹಿನೀರು. ಉಪ್ಪು ತೊಳೆಯದೆ ಬಣ್ಣ ಬಳಿದರೆ ಅದು ಬಣ್ಣದಡಿಯೇ ಕೂತು ತೇವ ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ತೊಳೆದ ಮೇಲೆ ಬಡಿದು ನೋಡುವುದು. ಇದು ನನಗೆ ಬಹಳ ಇಷ್ಟವಾದ ಹಂತ. ಗಟ್ಟಿ ತಗಡು ಸಣ್ಣ ಸುತ್ತಿಗೆಗೆ ‘ಠಣ್’ ಅನ್ನುತ್ತದೆ, ಒಳಗೊಳಗೇ ಸವೆದದ್ದು ‘ದಬ್’ ಅನ್ನುತ್ತದೆ. ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸರಿಗೆ ಈ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ. ಈಗ ಶಬ್ದದ ಅಲೆ ಕಳಿಸಿ ತಗಡಿನ ದಪ್ಪ ಅಳೆಯುವ ಯಂತ್ರ ಬಂದಿದೆ, ಅದು ಮಿಲಿಮೀಟರಿನ ಲೆಕ್ಕವನ್ನೇ ಕೊಡುತ್ತದೆ. ಆದರೂ ಯಂತ್ರವನ್ನು ಎಲ್ಲಿ ಇಡಬೇಕೆಂದು ಹೇಳಲು ಒಂದು ಕಿವಿ ಬೇಕು.

ಆಮೇಲೆ ಕೆರೆಯುವುದು. ಸ್ಕ್ರೇಪರ್, ತಂತಿ ಬ್ರಷ್, ದೊಡ್ಡ ಜಾಗವಾದರೆ ಗಾಳಿಯ ಒತ್ತಡದಲ್ಲಿ ಹರಳು ಚಿಮ್ಮಿಸುವ ಬ್ಲಾಸ್ಟಿಂಗ್. ಬೆಳ್ಳಗೆ ಹೊಳೆಯುವ ಹಾಗೆ ಕೆರೆದ ಉಕ್ಕು ಹಸುಗೂಸಿನಂತೆ: ಕಡಲ ಗಾಳಿಯಲ್ಲಿ ಸಂಜೆಯೊಳಗೆ ಮತ್ತೆ ಕೆಂಪು ತಿರುಗುತ್ತದೆ. ಅದಕ್ಕೇ ಎಷ್ಟು ಬಳಿಯಲಾದೀತೋ ಅಷ್ಟನ್ನೇ ಕೆರೆಯಬೇಕು. ಅನುಭವಿ ಪೇಂಟರ್ ಮೊದಲು ಅಂಚು, ಮೂಲೆ, ಬೋಲ್ಟಿನ ತಲೆ, ವೆಲ್ಡಿಂಗ್ ಗೆರೆಗಳಿಗೆ ಸಣ್ಣ ಬ್ರಷ್ಷಿನಲ್ಲಿ ಒಂದು ಕೈ ಹಚ್ಚುತ್ತಾನೆ. ಹಸಿ ಬಣ್ಣ ಚೂಪಾದ ಅಂಚಿನಿಂದ ಹಿಂದೆ ಸರಿಯುತ್ತದೆ, ಅಲ್ಲಿ ಪೊರೆ ತೆಳುವಾಗುತ್ತದೆ, ತುಕ್ಕು ಅಲ್ಲಿಂದಲೇ ಒಳಬರುತ್ತದೆ. ಅಗಲ ಜಾಗಕ್ಕೆ ರೋಲರ್ ಎಳೆಯುವುದು ಆಮೇಲೆ. ಹಿಂದೆ ಅಡಿಬಣ್ಣವೆಂದರೆ ಸೀಸದ ಕೆಂಪು. ಅದು ವಿಷವಾದ್ದರಿಂದ ಅದರ ಜಾಗಕ್ಕೆ ರೆಡ್ ಆಕ್ಸೈಡ್, ಸತುವಿನ ಪ್ರೈಮರ್, ಎಪಾಕ್ಸಿ ಬಂದವು. ನಾವೆಲ್ಲ ನೋಡಿ ಮೆಚ್ಚುವ ಬೂದುಬಣ್ಣ ಕೊನೆಯದು. ಅದಕ್ಕೆ ನೋಟದ ಕೆಲಸದ ಜೊತೆಗೆ ಅಡಿಯ ಪದರಗಳನ್ನು ಬಿಸಿಲಿನಿಂದ ಕಾಯುವ ಕೆಲಸ.

ಚಪಲ್‌ನಂಥ ದೋಣಿಯಲ್ಲಿ ಇನ್ನೊಂದು ತೊಡಕು. ಒಡಲು ಉಕ್ಕು, ವೇಗಕ್ಕಾಗಿ ಮೇಲಿನ ಮನೆಗೆ ಅಲ್ಯುಮಿನಿಯಂ ಮಿಶ್ರಲೋಹವನ್ನೂ ಬಳಸಿದ್ದಾರೆ. ಎರಡು ಲೋಹ ಮುಟ್ಟಿದಲ್ಲಿ ಉಪ್ಪುನೀರು ಸೇರಿದರೆ ಅದೊಂದು ಬ್ಯಾಟರಿಯೇ. ಎರಡರಲ್ಲಿ ಬೇಗ ಸೋಲುವ ಲೋಹ ಕರಗುತ್ತದೆ. ಈ ಕೇಡನ್ನೇ ಮದ್ದಾಗಿಸಿದವನು ಹಂಫ್ರಿ ಡೇವಿ. 1824ರಲ್ಲಿ ಅವನು, ಹಡಗಿನ ತಳದ ತಾಮ್ರಕ್ಕೆ ಸತುವಿನ ಅಥವಾ ಕಬ್ಬಿಣದ ತುಂಡು ಅಂಟಿಸಿ, ಅದು ಸವೆಯುತ್ತ ತಾಮ್ರ ಉಳಿಯುವುದನ್ನು ತೋರಿಸಿದ. ತಾಮ್ರವೇನೋ ಉಳಿಯಿತು, ಆದರೆ ಅದರ ವಿಷ ನೀರಿಗೆ ಬಿಡದಾದ್ದರಿಂದ ಚಿಪ್ಪುಜೀವಿಗಳು ತಳಕ್ಕೆ ಮೆತ್ತಿಕೊಂಡು ಹಡಗು ನಿಧಾನವಾಯಿತು. ಪಾಪ! ಉಕ್ಕಿನ ಹಡಗುಗಳಿಗೆ ಮಾತ್ರ ಅದೇ ಉಪಾಯ ಇವತ್ತಿಗೂ ನಡೆಯುತ್ತಿದೆ. ಒಡಲಿಗೆ ಕಟ್ಟಿದ ಸತುವಿನ ಗಟ್ಟಿಗಳು ಸವೆದಂತೆ ಬದಲಾಯಿಸುತ್ತಾರೆ.

ಇಷ್ಟು ಕಷ್ಟಪಟ್ಟು ಎಷ್ಟು ಹಡಗು ಉಳಿದಿವೆ? ನಮ್ಮ ನಾಡಿನ ಹೆಸರಿನದನ್ನೇ ನೋಡಿ. 1957ರಲ್ಲಿ ನೌಕಾಪಡೆಗೆ ಬಂದ ಕ್ರೂಸರ್ ‘ಐಎನ್‌ಎಸ್ ಮೈಸೂರು’ 1985ರಲ್ಲಿ ನಿವೃತ್ತಿಯಾಗಿ ಗುಜರಿಗೆ ಹೋಯಿತು. ಹೆಸರು 1999ರಲ್ಲಿ ಹೊಸ ಡಿಸ್ಟ್ರಾಯರಿಗೆ ಬಂತು, ಗಂಡಭೇರುಂಡ ಲಾಂಛನದೊಂದಿಗೆ. ವಿಮಾನವಾಹಕ ‘ವಿಕ್ರಾಂತ್’ ಮುಂಬಯಿಯಲ್ಲಿ ಕೆಲವು ವರ್ಷ ವಸ್ತುಸಂಗ್ರಹಾಲಯವಾಗಿದ್ದು 2014ರಲ್ಲಿ ಒಡೆಯಲ್ಪಟ್ಟಿತು. ಅದರ ಲೋಹ ಸೇರಿಸಿ ಮಾಡಿದ ಬಜಾಜ್ ವಿ ಬೈಕುಗಳು ಸಿಂಧನೂರಿನ ರಸ್ತೆಯಲ್ಲೂ ಓಡಾಡಿದವು. ಯುದ್ಧನೌಕೆಯ ಟ್ಯಾಂಕಿಗೆ ಪೆಟ್ರೋಲ್ ಹಾಕಿಸುತ್ತಿದ್ದೇವೆಂದು ಎಷ್ಟು ಜನಕ್ಕೆ ನೆನಪಿತ್ತೋ.

ಕೆನಡಾದವರ ‘ಹೈಡಾ’ ಈ ಮಟ್ಟಿಗೆ ಪುಣ್ಯವಂತೆ. ‘ಟ್ರೈಬಲ್’ ವರ್ಗದ 27 ಡಿಸ್ಟ್ರಾಯರ್‌ಗಳನ್ನು ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳಿಗಾಗಿ ಕಟ್ಟಿದ್ದರು. ಇವತ್ತು ಉಳಿದಿರುವುದು ಇದೊಂದೇ. ಡಿಸ್ಟ್ರಾಯರ್ ಉಳಿಸುವುದು ಯಾಕೆ ಕಷ್ಟವೆಂದರೆ, ವೇಗಕ್ಕಾಗಿ ಅದರ ತಗಡೇ ತೆಳು. ಅಮೆರಿಕದ ನಾವಿಕರು ಅವನ್ನು ತಗಡಿನ ಡಬ್ಬಿ ಎಂದೇ ಕರೆಯುತ್ತಿದ್ದರು. ಸವೆಯಲು ದಪ್ಪವೇ ಇಲ್ಲದ ಕಡೆ ತುಕ್ಕಿಗೆ ಹೆಚ್ಚು ಹೊತ್ತು ಬೇಡ. 1944ರ ಏಪ್ರಿಲ್ 29ರಂದು ಜೊತೆಯ ‘ಅಥಾಬಾಸ್ಕನ್’ ಮುಳುಗಿದಾಗ, ಶತ್ರುವಿನ ತೀರದ ಹತ್ತಿರವೇ ಯಂತ್ರ ನಿಲ್ಲಿಸಿ ನೀರಿಗೆ ಬಿದ್ದವರನ್ನು ಎತ್ತಿಕೊಂಡ ಹಡಗಿದು. 1963ರಲ್ಲಿ ನಿವೃತ್ತಿಯಾಗಿ ಗುಜರಿಯ ದಾರಿ ಹಿಡಿದಿದ್ದಾಗ ಟೊರಾಂಟೊದ ಕೆಲವು ಆಸಕ್ತರು ಅಡ್ಡ ನಿಂತು ತಮ್ಮ ಊರಿಗೆ ತಂದರು. ಕಾಳಜಿಯಿದ್ದರೂ ವರ್ಷಗಳು ಕಳೆದಂತೆ ಒಡಲು ಸೊರಗಿತು. 2002ರಲ್ಲಿ ಸರ್ಕಾರದ ಪಾರ್ಕ್ಸ್ ಕೆನಡಾ ವಹಿಸಿಕೊಂಡು, ಡಾಕಿಗೆ ಏರಿಸಿ ರಿಪೇರಿ ಮಾಡಿಸಿ, 2003ರ ಆಗಸ್ಟ್ 30ರಂದು ಹ್ಯಾಮಿಲ್ಟನ್‌ಗೆ ತಂದಿತು. ಹಡಗು ನೌಕಾಪಡೆ ಸೇರಿ ಅಂದಿಗೆ ಸರಿಯಾಗಿ ಅರವತ್ತು ವರ್ಷ, ಷಷ್ಟಿಪೂರ್ತಿ ಅನ್ನಿ. ಅಲ್ಲಿಯದು ಒಂಟಾರಿಯೊ ಸರೋವರದ ಸಿಹಿನೀರು. ಹೈಡಾಕ್ಕೆ ಸಿಕ್ಕ ಆ ನೀರು ಕಾರವಾರದ ಚಪಲ್‌ಗೆ ಸಿಕ್ಕಿಲ್ಲ.

ಕಾರವಾರದಿಂದ ಊರಿಗೆ ಮರಳಿದ ಮೇಲೆ, ಹಿತ್ತಲಲ್ಲಿ ನಿಂತಿದ್ದ ಅಪ್ಪನ ಕಾಲದ ಟ್ರಾಲಿಯನ್ನು ಬಡಿದು ನೋಡೋಣವೆಂದು ಸುತ್ತಿಗೆ ಹಿಡಿದೆ. ಹೋದ ದೀಪಾವಳಿಗೆ ಅದರ ಮೇಲೆ ಹಸಿರು ಬಣ್ಣ ಬಳಿಸಿ ಪೂಜೆ ಮಾಡಿದ್ದೆವು, ಕೆರೆಸಿರಲಿಲ್ಲ. ಪಕ್ಕದ ತಗಡು ಠಣ್ ಅಂದಿತು. ಹಿಂದಿನ ಬಾಗಿಲೂ ಠಣ್. ಗೊಬ್ಬರದ ಚೀಲ ಹಾಕುವ ಮೂಲೆಯಲ್ಲಿ ದಬ್. ಇನ್ನೊಮ್ಮೆ ಹೊಡೆದೆ. ಸುತ್ತಿಗೆ ಒಳಗೆ ಹೋಯಿತು, ಸುತ್ತಲೂ ಹಸಿರು ಬಣ್ಣದ ಪೊರೆ ಮಾತ್ರ ನೇತಾಡುತ್ತಿತ್ತು.