ಸೂಜಿ ಇಲ್ಲದ ಇನ್ಸುಲಿನ್ ಬಂತಾ? ಅವ್ವ ಕೇಳಿದ ಪ್ರಶ್ನೆಗೆ ನನ್ನ ಉತ್ತರ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಕೊಟ್ಟೂರಿನಿಂದ ಮಾತಾಡ್ತಿದ್ದೀನಿ. ಹಿಂದೆ ಫ್ಯಾನ್ ಸದ್ದು ಕೇಳಿಸಿದ್ರೆ ಸ್ವಲ್ಪ ಸಹಿಸ್ಕೊಳ್ಳಿ. ಈ ಬಿಸಿಲಲ್ಲಿ ಅದನ್ನ ಆಫ್ ಮಾಡಿ ರೆಕಾರ್ಡ್ ಮಾಡೋದು ನನ್ನ ಕೈಲಾಗೋ ಕೆಲಸ ಅಲ್ಲ.

ಹೋದ ವಾರ ಅವ್ವ ಫೋನ್ ಹಿಡ್ಕೊಂಡು ನನ್ನ ರೂಮಿಗೆ ಬಂದಳು. ಯಾರೋ ವಾಟ್ಸಾಪಲ್ಲಿ ಒಂದು ರೀಲ್ ಕಳಿಸಿದ್ರು. ಶುಗರ್ ಇದ್ದೋರಿಗೆ ಇನ್ಮೇಲೆ ಸೂಜಿ ಬೇಡ, ಇನ್ಸುಲಿನ್‌ನ ಉಸಿರಲ್ಲಿ ಎಳ್ಕೊಂಡ್ರೆ ಸಾಕು ಅಂತ. ಅವ್ವ ಕೇಳಿದ್ದು ಒಂದೇ ಮಾತು: "ಹಂಗಾದ್ರೆ ನನಗೂ ಅದನ್ನೇ ತರಿಸಿಕೊಡಪ್ಪ. ಎಷ್ಟಾಗ್ತೈತಿ?"

ನಾನು ಓದಿದ್ದು ಬಿ.ಕಾಂ. ಡಾಕ್ಟರೂ ಅಲ್ಲ, ಫಾರ್ಮಸಿ ಓದಿದವನೂ ಅಲ್ಲ. ಆದರೆ ಆರು ವರ್ಷದಿಂದ ಅವ್ವನಿಗೆ ಇನ್ಸುಲಿನ್ ತಂದುಕೊಡೋನು ನಾನೇ. ಅದಕ್ಕೇ ಆ ರೀಲ್ ಎಷ್ಟು ನಿಜ ಅಂತ ಕೂತು ಓದಿದೆ. ಓದ್ತಾ ಹೋದಂಗೆ ಒಂದು ವಿಷಯ ತಲೆಗೆ ಬಂತು. ಔಷಧಿ ಕಂಡುಹಿಡಿಯೋದು ಅರ್ಧ ಕೆಲಸ ಮಾತ್ರ. ಅದನ್ನ ಮೈಯೊಳಗೆ ಸರಿಯಾದ ಜಾಗಕ್ಕೆ, ಸರಿಯಾದ ಅಳತೆಯಲ್ಲಿ ಮುಟ್ಟಿಸೋದು ಇನ್ನರ್ಧ. ಬಿ.ಕಾಂ.ನಲ್ಲಿ ಓದಿದ ಡಿಸ್ಟ್ರಿಬ್ಯೂಷನ್ ಪಾಠಾನೇ ಇದು. ಮಾಲು ಹೊಸಪೇಟೆವರೆಗೂ ಬಂದು ಕೊಟ್ಟೂರಿಗೆ ಬರದಿದ್ರೆ ನಮ್ಮೂರಿನ ಅಂಗಡಿಯವನಿಗೆ ಏನು ಉಪಯೋಗ?

ಮಾತ್ರೆ ಯಾಕಿಲ್ಲ?

ಮೊದಲು ಎಲ್ರಿಗೂ ಬರೋ ಪ್ರಶ್ನೆ. ಬಿಪಿಗೆ ಮಾತ್ರೆ ಇದೆ, ಜ್ವರಕ್ಕೆ ಮಾತ್ರೆ ಇದೆ, ಇನ್ಸುಲಿನ್‌ಗೆ ಯಾಕಿಲ್ಲ?

ಯಾಕಂದ್ರೆ ಇನ್ಸುಲಿನ್ ಒಂದು ಪ್ರೋಟೀನ್. 51 ಅಮೈನೋ ಆಮ್ಲಗಳು ಮಣಿ ಪೋಣಿಸಿದಂಗೆ ಸೇರಿ ಆಗಿರೋದು. ನಮ್ಮ ಹೊಟ್ಟೆಗೆ ಬೇಳೆಯ ಪ್ರೋಟೀನೂ ಒಂದೇ, ಇನ್ಸುಲಿನ್ ಪ್ರೋಟೀನೂ ಒಂದೇ. ಎರಡನ್ನೂ ತುಂಡು ತುಂಡು ಮಾಡಿ ಜೀರ್ಣ ಮಾಡಿಬಿಡುತ್ತೆ. ಅಕಸ್ಮಾತ್ ಉಳಿದ್ರೂ ಕರುಳಿನ ಗೋಡೆ ದಾಟಿ ರಕ್ತಕ್ಕೆ ಸೇರೋಕೆ ಅದರ ಗಾತ್ರ ದೊಡ್ಡದು. ಅದಕ್ಕೇ 1922ರ ಜನವರಿಯಲ್ಲಿ ಕೆನಡಾದ ಟೊರೊಂಟೊದಲ್ಲಿ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟಾಗಲೂ ಸೂಜಿ ಬೇಕಾಯ್ತು, ನೂರು ವರ್ಷ ದಾಟಿದ ಮೇಲೂ ಬೇಕಾಗಿದೆ.

ಪ್ರಯತ್ನ ನಡೆದಿಲ್ಲ ಅಂತ ಅಲ್ಲ. ನಮ್ಮ ಬೆಂಗಳೂರಲ್ಲೇ ನಡೆದಿದೆ. 1978ರಲ್ಲಿ ಕಿರಣ್ ಮಜುಂದಾರ್ ಶಾ ಶುರು ಮಾಡಿದ ಬಯೋಕಾನ್, 2004ರಲ್ಲಿ ಇನ್ಸುಜೆನ್ ಅನ್ನೋ ಹೆಸರಲ್ಲಿ ಇನ್ಸುಲಿನ್ ಮಾರುಕಟ್ಟೆಗೆ ತಂತು. ಅದನ್ನ ಯೀಸ್ಟ್ ಅನ್ನೋ ಸೂಕ್ಷ್ಮಜೀವಿಯ ಕೈಲಿ ಮಾಡಿಸ್ತಾರೆ. ಅದಾದ ಮೇಲೆ ಅವರು ಇನ್ಸುಲಿನ್ ಮಾತ್ರೆಗೂ ಕೈ ಹಾಕಿದರು, ಐಎನ್-105 ಅಂತ. ಇನ್ಸುಲಿನ್‌ಗೆ ಒಂದು ಸಣ್ಣ ರಾಸಾಯನಿಕ ಬಾಲ ಜೋಡಿಸಿ, ಹೊಟ್ಟೆಯಲ್ಲಿ ಹಾಳಾಗದಂಗೆ ನೋಡ್ಕೊಳ್ಳೋ ಉಪಾಯ ಅದು. 2011ರಲ್ಲಿ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ನಿಜವಾದ ಮಾತ್ರೆ ನುಂಗಿದವರಿಗೂ ಔಷಧಿ ಇಲ್ಲದ ಖಾಲಿ ಮಾತ್ರೆ ನುಂಗಿದವರಿಗೂ ಮೂರು ತಿಂಗಳ ಸರಾಸರಿ ಶುಗರ್‌ನಲ್ಲಿ ಇರಬೇಕಾದಷ್ಟು ವ್ಯತ್ಯಾಸ ಕಾಣಲಿಲ್ಲ. ಆಮೇಲೂ ಕೆಲಸ ಮುಂದುವರೀತು, ಆದರೆ ಆ ಮಾತ್ರೆ ಮೆಡಿಕಲ್ ಶಾಪ್‌ಗೆ ಬಂದಿಲ್ಲ.

ಇಲ್ಲಿ ಕೆಲವರು ಕೇಳಬಹುದು, ಸೆಮಾಗ್ಲುಟೈಡ್ ಮಾತ್ರೆ ಬಂದಿದೆಯಲ್ಲ ಅಂತ. ಹೌದು, ರೈಬೆಲ್ಸಸ್ ಅನ್ನೋ ಹೆಸರಲ್ಲಿ ನಮ್ಮ ದೇಶಕ್ಕೆ 2022ರಲ್ಲೇ ಬಂತು. ಅದೂ ಮೊದಲು ಇಂಜೆಕ್ಷನ್ ಆಗೇ ಇದ್ದದ್ದು, ಆದರೆ ಇನ್ಸುಲಿನ್ ಅಲ್ಲ, ಬೇರೆ ಔಷಧಿ. ಅದರ ಲೆಕ್ಕ ನೋಡಿ, ನನ್ನಂಥ ಕಾಮರ್ಸ್ ಹುಡುಗನಿಗೆ ತಲೆ ತಿರುಗುತ್ತೆ. ಇಂಜೆಕ್ಷನ್ ಆದ್ರೆ ವಾರಕ್ಕೆ 1 ಮಿಲಿಗ್ರಾಂ. ಮಾತ್ರೆ ಆದ್ರೆ ದಿನಕ್ಕೆ 14 ಮಿಲಿಗ್ರಾಂವರೆಗೆ, ಅಂದ್ರೆ ವಾರಕ್ಕೆ 98. ಯಾಕಂದ್ರೆ ನುಂಗಿದ್ದರಲ್ಲಿ ರಕ್ತಕ್ಕೆ ಸೇರೋದು ಹೆಚ್ಚೂಕಮ್ಮಿ ನೂರಕ್ಕೆ ಒಂದು ಭಾಗ. ಅದೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಅರ್ಧ ಲೋಟ ನೀರಲ್ಲಿ ನುಂಗಿ, ಅರ್ಧ ಗಂಟೆ ಚಹಾನೂ ಕುಡೀದೆ ಕೂತ್ರೆ ಮಾತ್ರ.

ಮೂಗಲ್ಲ, ಶ್ವಾಸಕೋಶ

ಈಗ ಅವ್ವನ ರೀಲ್‌ಗೆ ಬರೋಣ. ಅದು ಸುಳ್ಳಲ್ಲ. ಅಫ್ರೆಝಾ ಅನ್ನೋ ಇನ್ಸುಲಿನ್ ಪುಡಿಗೆ 2014ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ತು. 2024ರ ಡಿಸೆಂಬರ್‌ನಲ್ಲಿ ಭಾರತದ ಔಷಧ ನಿಯಂತ್ರಣ ಸಂಸ್ಥೆ ಸಿಪ್ಲಾ ಕಂಪನಿಗೆ ಅದನ್ನ ಇಲ್ಲಿ ತಂದು ಮಾರೋಕೆ ಒಪ್ಪಿಗೆ ಕೊಟ್ಟಿತು. ಸೀಟಿಯಷ್ಟು ದೊಡ್ಡ ಒಂದು ಸಾಧನ. ಪುಡಿ ತುಂಬಿದ ಪುಟ್ಟ ಕ್ಯಾಪ್ ಹಾಕಿ, ಬಾಯಿಂದ ಜೋರಾಗಿ ಉಸಿರು ಎಳ್ಕೋಬೇಕು. ನಮ್ಮ ಶ್ವಾಸಕೋಶದ ಒಳಗೋಡೆ ತುಂಬಾ ತೆಳು, ಅದರ ಹಿಂದೆಯೇ ರಕ್ತ ಹರೀತಿರುತ್ತೆ. ಹಂಗಾಗಿ ಇನ್ಸುಲಿನ್ ಕೆಲವೇ ನಿಮಿಷದಲ್ಲಿ ರಕ್ತಕ್ಕೆ ಸೇರುತ್ತೆ.

ಇದು ಮೊದಲ ಪ್ರಯತ್ನವೂ ಅಲ್ಲ. 2006ರಲ್ಲಿ ಫೈಜರ್ ಕಂಪನಿ ಎಕ್ಸುಬೆರಾ ಅಂತ ಒಂದನ್ನ ತಂದಿತ್ತು. ಸಾಧನ ದೊಡ್ಡದು, ಬೆಲೆ ಜಾಸ್ತಿ. ಜನ ಕೊಳ್ಳಲಿಲ್ಲ, 2007ರಲ್ಲೇ ವಾಪಸ್ ತಗೊಂಡ್ರು.

ಹಂಗಾದ್ರೆ ಅವ್ವನಿಗೆ ಅಫ್ರೆಝಾ ಆಗುತ್ತಾ? ಆಗಲ್ಲ. ಅಸ್ತಮಾ ಥರದ ಶ್ವಾಸಕೋಶದ ಕಾಯಿಲೆ ಇದ್ದವರು ಅದನ್ನ ತಗೊಳ್ಳೋ ಹಾಗಿಲ್ಲ. ಬೀಡಿ ಸಿಗರೇಟ್ ಸೇದೋರಿಗೂ ಬೇಡ ಅಂತಾರೆ. ಶುರು ಮಾಡೋ ಮೊದಲು ಊದಿಸಿ ಶ್ವಾಸಕೋಶದ ಟೆಸ್ಟ್ ಮಾಡ್ಬೇಕು. ವರ್ಷಗಟ್ಟಲೆ ಕಟ್ಟಿಗೆ ಒಲೆ ಮುಂದೆ ಕೂತ ಅವ್ವನಿಗೆ ದಮ್ಮು ಇದೆ. ಇನ್ನೊಂದು ವಿಷಯ ರೀಲಲ್ಲಿ ಹೇಳಲೇ ಇಲ್ಲ: ಅದು ಊಟದ ಹೊತ್ತಿನ ಇನ್ಸುಲಿನ್ ಮಾತ್ರ. ದಿನವಿಡೀ ಕೆಲಸ ಮಾಡೋ ಇನ್ಸುಲಿನ್ ಬೇಕಾದವರಿಗೆ ಸೂಜಿ ತಪ್ಪಲ್ಲ. ಮತ್ತೆ, ಆ ಪುಡಿಯನ್ನ ಹೆಚ್ಚು ದಿನ ಇಡೋಕೆ ಅದಕ್ಕೂ ಫ್ರಿಡ್ಜ್ ಬೇಕು.

ಚರ್ಮ ದಾಟೋ ಬೇರೆ ದಾರಿ

ಸೂಜಿ ಇಲ್ಲದೇ ಚರ್ಮ ದಾಟಿಸೋ ಕೆಲಸವೂ ನಡೆದಿದೆ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದ್ರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಏರೋಸ್ಪೇಸ್ ವಿಭಾಗದ ಜಿ. ಜಗದೀಶ್ ಮತ್ತು ಸೂಕ್ಷ್ಮಜೀವಿ ವಿಜ್ಞಾನಿ ದೀಪಶಿಖಾ ಚಕ್ರವರ್ತಿ ಅವರ ತಂಡ, ಸಣ್ಣ ಆಘಾತ ತರಂಗ ಬಳಸಿ ಇಲಿಗಳಿಗೆ ಲಸಿಕೆ ಕೊಟ್ಟು 2011ರಲ್ಲಿ ಪ್ರಬಂಧ ಪ್ರಕಟಿಸಿತು. ರಾಕೆಟ್ ವಿದ್ಯೆ ಓದಿದವರು ಸೂಜಿಗೆ ಬದಲಿ ಹುಡುಕಿದ ಕಥೆ ಅದು. ಮನುಷ್ಯರ ವಿಷಯಕ್ಕೆ ಬಂದ್ರೆ, 2021ರ ಆಗಸ್ಟ್‌ನಲ್ಲಿ ನಮ್ಮ ದೇಶ ತುರ್ತು ಬಳಕೆಗೆ ಒಪ್ಪಿದ ಝೈಕೋವ್-ಡಿ ಅನ್ನೋ ಕೋವಿಡ್ ಲಸಿಕೆ ಸೂಜಿ ಇಲ್ಲದೇ, ದ್ರವವನ್ನ ಒತ್ತಡದಿಂದ ಚರ್ಮದೊಳಗೆ ಚಿಮ್ಮಿಸೋ ಸಾಧನದಲ್ಲಿ ಕೊಡೋ ಲಸಿಕೆ. ಆದರೆ ಲಸಿಕೆ ಜೀವನದಲ್ಲಿ ಕೆಲವು ಸಲ. ಇನ್ಸುಲಿನ್ ದಿನಕ್ಕೆರಡು ಸಲ, ವರ್ಷಕ್ಕೆ 730 ಸಲ.

ಸೂಜಿ ತಪ್ಪಿಸೋದಕ್ಕಿಂತ ಅದರ ಲೆಕ್ಕ ಕಮ್ಮಿ ಮಾಡೋಣ ಅನ್ನೋರೂ ಇದ್ದಾರೆ. ಐಕೋಡೆಕ್ ಅನ್ನೋದು ವಾರಕ್ಕೊಂದೇ ಸಲ ತಗೊಳ್ಳೋ ಇನ್ಸುಲಿನ್. ರಕ್ತದಲ್ಲಿರೋ ಆಲ್ಬುಮಿನ್ ಅನ್ನೋ ಪ್ರೋಟೀನ್‌ಗೆ ಅಂಟ್ಕೊಂಡು, ನಿಧಾನಕ್ಕೆ ಬಿಡುಗಡೆ ಆಗುತ್ತೆ. ಯೂರೋಪ್‌ನಲ್ಲಿ 2024ರಲ್ಲಿ ಒಪ್ಪಿಗೆ ಸಿಕ್ತು. ದಿನಕ್ಕೊಂದು ತಗೊಳ್ಳೋರಿಗೆ 365 ಚುಚ್ಚು ಹೋಗಿ 52 ಆಗುತ್ತೆ. ಆದರೆ ಡೋಸ್ ಹೆಚ್ಚಾದ್ರೆ ಅದರ ಪರಿಣಾಮವೂ ದಿನಗಟ್ಟಲೆ ಉಳಿಯುತ್ತೆ. ಈ ಮಾತು ಓದಿದಾಗ ನನಗೆ ಆ ರಾತ್ರಿ ನೆನಪಾಯ್ತು.

ಆ ರಾತ್ರಿ

ಎರಡು ವರ್ಷದ ಹಿಂದೆ, ಕೊಟ್ಟೂರೇಶ್ವರ ಜಾತ್ರೆ ಟೈಮು. ಊರ ತುಂಬಾ ಪಾದಯಾತ್ರೆಯವರು, ಮನೆ ತುಂಬಾ ನೆಂಟರು. ಅವ್ವನ ಇನ್ಸುಲಿನ್ ಪೆನ್ ಯಾರ ಕೈಯಿಂದಲೋ ಬಿದ್ದು ಮುರೀತು. ಒಳಗಿನ ಔಷಧಿ ಟ್ಯೂಬ್ ಮಾತ್ರ ಚೆನ್ನಾಗಿತ್ತು. ನಾನು ಓಡಿಹೋಗಿ ಒಂದು ಮೆಡಿಕಲ್ ಶಾಪಿಂದ "ಇನ್ಸುಲಿನ್ ಸಿರಿಂಜ್ ಕೊಡಿ" ಅಂತ ಕೇಳಿ ತಂದೆ. ಕೆಂಪು ಮುಚ್ಚಳದ್ದು ಕೊಟ್ರು. ಅವರೂ ಕೇಳಲಿಲ್ಲ, ನಾನೂ ನೋಡಲಿಲ್ಲ. ಟ್ಯೂಬಿಂದ 16ರ ಗೆರೆವರೆಗೆ ಎಳೆದು ನಾನೇ ಕೊಟ್ಟೆ.

ಎರಡು ಗಂಟೆ ಆದ ಮೇಲೆ ಅವ್ವನಿಗೆ ಬೆವರು ಕಿತ್ಕೊಂಡು ಬಂತು. ಕೈ ನಡುಗ್ತಿತ್ತು, ನನ್ನನ್ನ ನನ್ನ ಮಾವನ ಹೆಸರಿಂದ ಕರೆದಳು. ಮೀಟರ್ ಹಚ್ಚಿ ನೋಡಿದ್ರೆ ಶುಗರ್ 42. ಸಕ್ಕರೆ ನೀರು ಕುಡಿಸಿ, ಗಾಡಿ ಮಾಡ್ಕೊಂಡು ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಬೆಳಗಿನವರೆಗೂ ಗ್ಲೂಕೋಸ್ ಹಚ್ಚಿದ್ರು. ಅಲ್ಲಿನ ಸಿಸ್ಟರ್ ಸಿರಿಂಜ್ ನೋಡಿ, "ಎಷ್ಟು ಕೊಟ್ರಿ ಗೊತ್ತೇನ್ರಿ? 40 ಯೂನಿಟ್" ಅಂದ್ರು.

ಹೆಂಗಾಯ್ತು ಅಂದ್ರೆ, ನಮ್ಮ ದೇಶದಲ್ಲಿ ಇನ್ಸುಲಿನ್ ಎರಡು ಗಟ್ಟಿತನದಲ್ಲಿ ಸಿಗುತ್ತೆ. ಯು-40, ಅಂದ್ರೆ ಒಂದು ಎಂಎಲ್‌ನಲ್ಲಿ 40 ಯೂನಿಟ್. ಸಾಮಾನ್ಯವಾಗಿ ಬಾಟಲಿಯಲ್ಲಿ ಬರೋದು ಇದು. ಯು-100, ಅಂದ್ರೆ ಒಂದು ಎಂಎಲ್‌ನಲ್ಲಿ 100 ಯೂನಿಟ್. ಪೆನ್ನಿನ ಟ್ಯೂಬಲ್ಲಿ ಇರೋದು ಇದು. ಸಿರಿಂಜೂ ಎರಡು ಥರ: ಯು-40ಕ್ಕೆ ಕೆಂಪು ಮುಚ್ಚಳ, ಯು-100ಕ್ಕೆ ಕೇಸರಿ ಮುಚ್ಚಳ. ಕೆಂಪು ಸಿರಿಂಜಲ್ಲಿ 16ರ ಗೆರೆ ಅಂದ್ರೆ 0.4 ಎಂಎಲ್. ಅಷ್ಟೇ ಅಳತೆಯ ಯು-100 ಔಷಧಿಯಲ್ಲಿ 40 ಯೂನಿಟ್ ಇರುತ್ತೆ. ಎರಡೂವರೆ ಪಟ್ಟು. ಉಲ್ಟಾ ಆದ್ರೆ ಎರಡೂವರೆ ಪಟ್ಟು ಕಮ್ಮಿ ಹೋಗುತ್ತೆ, ಶುಗರ್ ಏರುತ್ತೆ.

ಔಷಧಿ ಅದೇ, ಕಂಪನಿ ಅದೇ, ಡಾಕ್ಟರ್ ಬರೆದದ್ದೂ ಸರಿ. ತಪ್ಪಿದ್ದು ಮುಟ್ಟಿಸೋ ಸಾಧನ. 1985ರಲ್ಲಿ ನೋವೋ ಕಂಪನಿ ಮೊದಲ ಇನ್ಸುಲಿನ್ ಪೆನ್ ತಂದದ್ದು ದೊಡ್ಡ ವಿಷಯ ಯಾಕೆ ಅಂತ ನನಗೆ ಅವತ್ತು ಅರ್ಥ ಆಯ್ತು. ಟಕ್ ಟಕ್ ಅಂತ ತಿರುಗಿಸಿದಷ್ಟೇ ಯೂನಿಟ್ ಹೋಗುತ್ತೆ, ಗೆರೆ ನೋಡಿ ಎಳೆಯೋ ಕೆಲಸ ಇಲ್ಲ. ಪೆನ್ನಿನ ಟ್ಯೂಬಿಗೆ ಯಾವತ್ತೂ ಸಿರಿಂಜ್ ಚುಚ್ಚಿ ಎಳೀಬೇಡಿ. ಬಣ್ಣ ನೋಡಿ, ಆಮೇಲೆ ಬಾಟಲಿ ಮೇಲಿನ ಅಂಕಿಯನ್ನೂ ಓದಿ.

ಶುಗರ್ ಇಳಿದ್ರೆ ಏನು ಮಾಡಬೇಕು ಅನ್ನೋದನ್ನೂ ಹೇಳಿಬಿಡ್ತೀನಿ. ಎಚ್ಚರ ಇದ್ರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ. ಎಚ್ಚರ ಇಲ್ಲದಿದ್ರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

4 ಮಿಲಿಮೀಟರ್, ಒಂದು ಗಡಿಗೆ

ಆ ರಾತ್ರಿ ಆದ ಮೇಲೆ ಅವ್ವನಿಗೆ ಸೂಜಿ ಅಂದ್ರೆ ಭಯ. ನೋವಿನ ಭಯ ಅಲ್ಲ. ರೀಲ್ ನೋಡಿ ಯಾಕೆ ಅಷ್ಟು ಆಸೆಪಟ್ಟಳು ಅಂತ ನನಗೆ ಈಗ ಗೊತ್ತಾಗ್ತಿದೆ.

ಪೆನ್ನಿನ ಸೂಜಿಯೂ ಈಗ ಬದಲಾಗಿದೆ. 4 ಮಿಲಿಮೀಟರ್ ಉದ್ದದ್ದು ಸಿಗುತ್ತೆ. ನಮ್ಮ ಚರ್ಮದ ದಪ್ಪ 2 ಮಿಲಿಮೀಟರ್ ಆಸುಪಾಸು, ತೆಳ್ಳಗಿರೋರಿಗೂ ದಪ್ಪಗಿರೋರಿಗೂ ಅದರಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಹಂಗಾಗಿ 4 ಸಾಕು, ಉದ್ದ ಸೂಜಿ ಬೇಕಿಲ್ಲ. ಅವ್ವ ಹೊಟ್ಟೆಯ ಒಂದೇ ಜಾಗದಲ್ಲಿ ಚುಚ್ಕೊತಿದ್ದಳು, "ಅಲ್ಲಿ ನೋಯಂಗಿಲ್ಲ" ಅಂತ. ನೋಯದಿರೋಕೆ ಕಾರಣ ಅಲ್ಲಿ ಕೊಬ್ಬು ಗಂಟು ಕಟ್ಟಿತ್ತು. ಗಂಟಿನೊಳಗೆ ಹೋದ ಇನ್ಸುಲಿನ್ ಒಂದು ದಿನ ಬೇಗ, ಒಂದು ದಿನ ತಡವಾಗಿ ರಕ್ತಕ್ಕೆ ಸೇರುತ್ತೆ. ಜಾಗ ಬದಲಾಯಿಸ್ತಾ ಇರ್ಬೇಕು, ಹೋದ ಸಲದ ಜಾಗಕ್ಕಿಂತ ಬೆರಳಗಲ ದೂರ. ಗಂಟು ಬಿಟ್ಟು ಹೊಸ ಜಾಗಕ್ಕೆ ಹೋಗೋವಾಗ ಡೋಸ್ ಕಮ್ಮಿ ಮಾಡಬೇಕಾಗಬಹುದು, ಡಾಕ್ಟರ್‌ನ ಕೇಳಿ.

ಕೊನೇದು ನಮ್ಮೂರಿನ ಬಿಸಿಲು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಫ್ರೀಜರ್ ಹತ್ತಿರ ಇಟ್ಟು ಹೆಪ್ಪುಗಟ್ಟಿದ್ರೆ ಬಿಸಾಕಬೇಕು. ಬಳಸ್ತಿರೋದನ್ನ ಸುಮಾರು ನಾಲ್ಕು ವಾರ ಹೊರಗಿಡಬಹುದು, ಆದರೆ 30 ಡಿಗ್ರಿ ದಾಟಬಾರದು ಅಂತಾರೆ. ಏಪ್ರಿಲ್‌ನಲ್ಲಿ ಕೊಟ್ಟೂರಲ್ಲಿ 30 ಡಿಗ್ರಿ ಎಲ್ಲಿ ಹುಡುಕೋದು? ಕರೆಂಟ್ ಹೋದ್ರೆ ಫ್ರಿಡ್ಜ್ ಬರೀ ಕಪಾಟು.

ಇದಕ್ಕೆ ಉತ್ತರ ನಮ್ಮ ಮನೆಯಲ್ಲೇ ಇದೆ. ಸೋರೋ ಮಣ್ಣಿನ ಗಡಿಗೆ. ನೀರು ಆವಿಯಾಗ್ತಾ ಒಳಗಿನ ಶಾಖ ಎಳ್ಕೊಂಡು ಹೋಗುತ್ತೆ. ನಮ್ಮ ಕಡೆಯ ಒಣ ಬಿಸಿಲಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತೆ, ಮಳೆಗಾಲದಲ್ಲಿ ಅಷ್ಟಿಲ್ಲ. ದೊಡ್ಡ ಗಡಿಗೆಯೊಳಗೆ ಚಿಕ್ಕದಿಟ್ಟು, ನಡುವೆ ಒದ್ದೆ ಮರಳು ತುಂಬಿ, ಗಾಳಿಯಾಡೋ ನೆರಳಲ್ಲಿ ಇಟ್ಟಿದ್ದೀವಿ. ಔಷಧಿಗೆ ನೀರು ತಾಗದಂಗೆ ಡಬ್ಬಿಯಲ್ಲಿ ಹಾಕಿ ಇಡ್ತೀವಿ. 2021ರಲ್ಲಿ ಎಂಎಸ್ಎಫ್ ವೈದ್ಯರ ಸಂಸ್ಥೆ ಮತ್ತು ಜಿನೀವಾ ವಿಶ್ವವಿದ್ಯಾಲಯ ಸೇರಿ ಒಂದು ಅಧ್ಯಯನ ಪ್ರಕಟಿಸಿದರು. ಕೀನ್ಯಾದ ನಿರಾಶ್ರಿತರ ಶಿಬಿರದ ಮನೆಗಳಲ್ಲಿ ತಾಪಮಾನ 25ರಿಂದ 37 ಡಿಗ್ರಿ ನಡುವೆ ಏರಿಳಿಯುತ್ತೆ. ಅದೇ ಏರಿಳಿತದಲ್ಲಿ ನಾಲ್ಕು ವಾರ ಇಟ್ಟ ಇನ್ಸುಲಿನ್, ಫ್ರಿಡ್ಜಲ್ಲಿಟ್ಟದ್ದರಷ್ಟೇ ಚೆನ್ನಾಗಿ ಉಳಿದಿತ್ತು. 37 ದಾಟಿದ್ರೂ ಪರವಾಗಿಲ್ಲ ಅಂತ ಅದರ ಅರ್ಥ ಅಲ್ಲ, ಅದಕ್ಕೇ ಗಡಿಗೆ ಬೇಕು.

ದೇಶದಲ್ಲಿ ಶುಗರ್ ಇರೋರು 10 ಕೋಟಿಗೂ ಹೆಚ್ಚು ಅಂತ ಐಸಿಎಂಆರ್‌ನ 2023ರ ವರದಿ ಹೇಳುತ್ತೆ. ಹೊಸ ಸಾಧನ ಬರಲಿ, ಬರಬೇಕು. ಆದರೆ ಬಂದಾಗ ನಾನು ಮೊದಲು ಕೇಳೋ ಪ್ರಶ್ನೆ ಬೇರೆ. ಕರೆಂಟ್ ಹೋದ್ರೆ ನಡೆಯುತ್ತಾ? ಅವ್ವ ಒಬ್ಬಳೇ ಬಳಸಬಹುದಾ? ಮುರಿದ್ರೆ ಕೊಟ್ಟೂರಲ್ಲೇ ಇನ್ನೊಂದು ಸಿಗುತ್ತಾ?

ಅವ್ವನಿಗೆ ಇಷ್ಟನ್ನೂ ಹೇಳಿದೆ. ಸುಮ್ನೆ ಕೇಳಿಸ್ಕೊಂಡಳು. ಆಮೇಲೆ ಪೆನ್ ತಿರುಗಿಸಿ, ಅಂಕಿ ನನಗೆ ತೋರಿಸಿ, "16 ಐತಿ ನೋಡು" ಅಂದಳು. ಈಗ ದಿನಾ ಹಂಗೇ, ತೋರಿಸದೇ ಚುಚ್ಕೊಳ್ಳಲ್ಲ. ಮುರಿದ್ರೆ ಇರಲಿ ಅಂತ ಇನ್ನೊಂದು ಪೆನ್ ಕೂಡ ತಂದಿಟ್ಟಿದ್ದೀನಿ.

ನಿಮ್ಮ ಮನೇಲಿ ಯಾರಾದ್ರೂ ಇನ್ಸುಲಿನ್ ತಗೊಳ್ತಿದ್ರೆ ಈ ಸಂಚಿಕೆ ಮುಗಿದ ತಕ್ಷಣ ಎದ್ದು ಹೋಗಿ ಬಾಟಲಿ ಮೇಲಿನ ಅಂಕಿ ಮತ್ತು ಸಿರಿಂಜ್ ಮುಚ್ಚಳದ ಬಣ್ಣ ನೋಡಿ. ಎರಡು ನಿಮಿಷದ ಕೆಲಸ. ಡೋಸ್ ಬದಲಾಯಿಸೋ ವಿಷಯ ಮಾತ್ರ ಡಾಕ್ಟರ್‌ಗೆ ಬಿಡಿ, ನನ್ನ ಮಾತು ಕೇಳಿ ಮಾಡಬೇಡಿ. ಮುಂದಿನ ವಾರ ಸಿಗೋಣ.