ಚೈನು ಏಕೆ ಬೀಳುತ್ತದೆ?

ನಿವೃತ್ತಿಯ ನಂತರ ಧಾರವಾಡದಲ್ಲಿ ನೆಲೆಸಿದ ನನಗೆ, ಮಗ ಬಿಟ್ಟುಹೋದ ರೋಡ್ ಬೈಕ್ ಹೊಸದೊಂದು ಹವ್ಯಾಸವನ್ನು ಹಚ್ಚಿದೆ. ಚಳಿಗಾಲದ ಮುಂಜಾವಿನಲ್ಲಿ ಹಳಿಯಾಳದವರೆಗೆ ಅದನ್ನು ಕಾರಿನಲ್ಲಿ ಒಯ್ದು, ಅಲ್ಲಿಂದ ದಾಂಡೇಲಿಯತ್ತ ತುಳಿಯುವುದು ನನ್ನ ರೂಢಿ. ಭತ್ತ, ಕಬ್ಬಿನ ಗದ್ದೆಗಳು ಮುಗಿದು ತೇಗದ ಕಾಡು ಆರಂಭವಾಗುವಲ್ಲಿ ರಸ್ತೆ ಏರಿಳಿಯತೊಡಗುತ್ತದೆ. ಕಳೆದ ಚಳಿಗಾಲದ ಒಂದು ಬೆಳಿಗ್ಗೆ, ಎದುರಿನ ಏರನ್ನು ಕಂಡು ಮುಂದಿನ ದೊಡ್ಡ ಹಲ್ಲುಚಕ್ರದಿಂದ ಚಿಕ್ಕದಕ್ಕೆ ಚೈನು ಇಳಿಸಿದೆ. ಅದು ಚಿಕ್ಕ ಚಕ್ರದ ಮೇಲೆ ನಿಲ್ಲದೆ ಒಳಕ್ಕೆ ಜಾರಿ ಚೌಕಟ್ಟಿಗೆ ಸಿಕ್ಕಿಕೊಂಡಿತು. ಪೆಡಲ್ ಖಾಲಿ ಸುತ್ತಿತು. ಮರುಕ್ಷಣ ನಾನು ರಸ್ತೆಯಂಚಿನ ಕೆಂಪು ಮಣ್ಣಿನಲ್ಲಿದ್ದೆ.

ಮುಂದಿನ ಚಕ್ರಗಳ ನಡುವೆ ಚೈನನ್ನು ಸ್ಥಳಾಂತರಿಸುವ ಸಾಧನಕ್ಕೆ ‘ಡಿರೈಲರ್’ ಎಂದು ಹೆಸರು. ಫ್ರೆಂಚ್ ಮೂಲದ ಈ ಪದದ ಅರ್ಥ ‘ಹಳಿ ತಪ್ಪಿಸುವಂಥದು’. ಯಾವುದೂ ಹಳಿ ತಪ್ಪದಂತೆ ನೋಡಿಕೊಳ್ಳುವುದೇ ಕರ್ತವ್ಯವೆಂದು ಮೂರು ದಶಕ ಸೇವೆ ಸಲ್ಲಿಸಿದವನಿಗೆ, ಹಳಿ ತಪ್ಪಿಸುವುದನ್ನೇ ಕಾಯಕವಾಗಿಸಿಕೊಂಡ ಸಾಧನವೊಂದು ಸೋಜಿಗವೇ ಸರಿ. ಟೂರ್ ಡಿ ಫ್ರಾನ್ಸ್ ಸ್ಪರ್ಧೆಯ ಸ್ಥಾಪಕ ಆನ್ರಿ ದೆಗ್ರಾಂಜ್, ಗೇರು ಬದಲಿಸುವ ಸೌಲಭ್ಯವೇನಿದ್ದರೂ ನಲವತ್ತೈದು ದಾಟಿದವರಿಗೆ ಮಾತ್ರ ಎಂದು 1902ರಲ್ಲಿಯೇ ವಾದಿಸಿದ್ದರು. ಆ ಸ್ಪರ್ಧೆಯಲ್ಲಿ ಡಿರೈಲರಿಗೆ ಅನುಮತಿ ದೊರೆತದ್ದು 1937ರಲ್ಲಿ. ಅರವತ್ತು ದಾಟಿದ ನನಗೆ ದೆಗ್ರಾಂಜರ ಆಕ್ಷೇಪವೂ ಇರಲಾರದು.

ಇದರ ಪ್ರಯೋಜನವನ್ನು ಅಂಕಗಣಿತವೇ ಹೇಳುತ್ತದೆ. ನನ್ನ ಸೈಕಲಿನ ಮುಂದಿನ ಚಕ್ರಗಳಿಗೆ 50 ಮತ್ತು 34 ಹಲ್ಲುಗಳು. ಹಿಂದೆ 11ರಿಂದ 28. ಗಾಲಿಯ ಸುತ್ತಳತೆ ಸುಮಾರು 2.1 ಮೀಟರ್. ಐವತ್ತಕ್ಕೆ ಹನ್ನೊಂದು ಜೋಡಿಸಿದರೆ ಪೆಡಲಿನ ಒಂದು ಸುತ್ತಿಗೆ ಒಂಬತ್ತೂವರೆ ಮೀಟರ್ ಸಾಗಬಹುದು. ಮೂವತ್ತನಾಲ್ಕಕ್ಕೆ ಇಪ್ಪತ್ತೆಂಟಾದರೆ ಎರಡೂವರೆ ಮೀಟರ್ ಮಾತ್ರ. ಮೊದಲನೆಯದು ಸಪಾಟು ರಸ್ತೆಗೆ, ಎರಡನೆಯದು ಗಣೇಶಗುಡಿ ದಾಟಿ ಜೋಯಿಡಾದತ್ತ ಹೊರಟವನ ಮೊಣಕಾಲಿಗೆ.

ಆದರೆ ಚೈನು ಬೀಳತೊಡಗಿದಾಗ ನಾನು ಮಾಡಿದ್ದೇನು? ಕೈಗೆ ಸುಲಭವಾಗಿ ಸಿಗುವ ತಂತಿಯನ್ನು ಬಿಗಿ ಮಾಡಿದೆ. ಬೀಳುವುದು ಕಡಿಮೆಯಾಯಿತು, ಆದರೆ ಚಿಕ್ಕ ಚಕ್ರದಲ್ಲಿರುವಾಗ ಚೈನು ಡಿರೈಲರಿನ ಪಂಜರಕ್ಕೆ ಉಜ್ಜಿ ಕರಕರ ಸದ್ದು ಮಾಡಿತು. ಸಡಿಲಿಸಿದೆ; ಮತ್ತೆ ಬಿತ್ತು. ವಾರಗಟ್ಟಲೆ ಇದೇ ನಡೆಯಿತು. ಕಡೆಗೆ ಹಳಿಯಾಳದ ಸೈಕಲ್ ಅಂಗಡಿಯೊಂದರ ಮುಂದೆ ಇಳಿದೆ.

ಅಂಗಡಿಯಾತ ಅಂಥ ಡಿರೈಲರನ್ನು ಎಂದೂ ರಿಪೇರಿ ಮಾಡಿದವನಲ್ಲ. ಅದನ್ನು ಅವನು ಮುಚ್ಚಿಡಲೂ ಇಲ್ಲ. ಹಿಂದಿನ ಗಾಲಿಯನ್ನು ಎತ್ತಿ ಹಿಡಿಯಲು ನನಗೇ ಹೇಳಿ, ಪೆಡಲ್ ತಿರುಗಿಸುತ್ತ ಕಾಲು ಗಂಟೆ ಸುಮ್ಮನೆ ನೋಡಿದ. ನಾನು ತಂತಿಯತ್ತ ಕೈ ಚಾಚಿದಾಗ ತಡೆದ: “ತಂತಿ ಮುಟ್ಟಬ್ಯಾಡ್ರಿ ಸಾಹೇಬ್ರ. ಅದು ಕುಂತ ಜಾಗಾನ ಸರಿ ಇಲ್ಲ.”

ಅವನ ಮಾತು ನಿಜವಾಗಿತ್ತು. ಚೌಕಟ್ಟಿಗೆ ಬಿಗಿದ ಪಟ್ಟಿ ಸಡಿಲಗೊಂಡು ಪಂಜರ ತುಸು ಓರೆಯಾಗಿತ್ತು. ತಂತಿಯನ್ನು ಬಿಚ್ಚಿ, ಪಂಜರವನ್ನು ಕೈಯಿಂದ ದೊಡ್ಡ ಚಕ್ರದ ಮೇಲಕ್ಕೆ ತಳ್ಳಿ, ಹಲ್ಲುಗಳ ತುದಿಗೂ ಅದರ ಹೊರತಗಡಿಗೂ ನಡುವೆ ಒಂದು ರೂಪಾಯಿ ನಾಣ್ಯ ತೂರುವಷ್ಟು ಅಂತರವಿರಿಸಿದ. ತಗಡು ಚಕ್ರಕ್ಕೆ ಸಮಾನಾಂತರವಾಗುವಂತೆ ತಿರುಗಿಸಿ ಬಿಗಿದ. ಎರಡನೆಯದಾಗಿ, ಚೈನನ್ನು ಮುಂದೆ ಚಿಕ್ಕ ಚಕ್ರಕ್ಕೂ ಹಿಂದೆ ಅತಿ ದೊಡ್ಡದಕ್ಕೂ ಹಾಕಿ, ಒಳಗಡಿಯನ್ನು ಗೊತ್ತುಮಾಡುವ ತಿರುಪನ್ನು ಅರ್ಧರ್ಧ ಸುತ್ತು ತಿರುಗಿಸಿದ. ಚೈನಿಗೂ ಒಳತಗಡಿಗೂ ನಡುವೆ ಅರ್ಧ ಮಿಲಿಮೀಟರಿನಷ್ಟು ಬೆಳಕು ಕಾಣುವಲ್ಲಿ ನಿಲ್ಲಿಸಿದ. ಆಮೇಲಷ್ಟೇ ತಂತಿಯನ್ನು ಎಳೆದು ಕಟ್ಟಿದ. ಕೊನೆಯಲ್ಲಿ ದೊಡ್ಡ ಚಕ್ರಕ್ಕೆ ಚೈನು ಏರಿಸಿ, ಹಿಂದೆ ಅತಿ ಚಿಕ್ಕದಕ್ಕೆ ತಂದು, ಹೊರಗಡಿಯ ತಿರುಪನ್ನು ಅದೇ ಅಳತೆಗೆ ಹೊಂದಿಸಿದ. ತಯಾರಕರ ಕೈಪಿಡಿಯಲ್ಲಿರುವುದೂ ಹೆಚ್ಚುಕಡಿಮೆ ಇದೇ ಕ್ರಮ ಎಂಬುದನ್ನು ಮನೆಗೆ ಬಂದು ಓದಿದೆ. ಮೊದಲು ನೆಲೆ, ನಂತರ ಮಿತಿ, ಆಮೇಲೆ ಸೆಳೆತ. ನಾನು ಆರಂಭಿಸಿದ್ದು ಸೆಳೆತದಿಂದ.

ಆತ ಕೇಳಿದ್ದು ಐವತ್ತು ರೂಪಾಯಿ. ಕೊಡುವಾಗ ನನಗೆ ಹಳೆಯದೊಂದು ಸಂಗತಿ ನೆನಪಾಯಿತು.

ರಾಜ್ಯದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆ 2006–07ರಲ್ಲಿ ಆರಂಭವಾಯಿತು. ದೂರದ ಪ್ರೌಢಶಾಲೆಗೆ ನಡೆದು ಹೋಗಬೇಕಾಗಿದ್ದ ಹಳ್ಳಿಯ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಇದು ದೊಡ್ಡ ಆಸರೆಯಾದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. 2010ರ ಮಳೆಗಾಲ ಮುಗಿದ ಮೇಲೆ ತಪಾಸಣೆಗೆಂದು ಜೋಯಿಡಾದ ಒಳಭಾಗಕ್ಕೆ ಹೋಗಿದ್ದೆ. ಮನೆಯೊಂದರ ಹಿತ್ತಿಲ ಗೋಡೆಗೆ ಒರಗಿಸಿಟ್ಟ ಸೈಕಲಿನ ಚೈನು ತುಂಡಾಗಿ ತುಕ್ಕು ಹಿಡಿದಿತ್ತು. ಒಂಬತ್ತನೇ ತರಗತಿಯ ಆ ಹುಡುಗಿ ಮತ್ತೆ ನಡೆದೇ ಶಾಲೆಗೆ ಹೋಗುತ್ತಿದ್ದಳು. ರಿಪೇರಿಗೆ ದಾಂಡೇಲಿಗೆ ಒಯ್ಯಬೇಕು, ಅಪ್ಪನಿಗೆ ಒಂದು ದಿನದ ಕೂಲಿ ತಪ್ಪುತ್ತದೆ ಎಂದಳು. ನನ್ನ ಕೈಯಲ್ಲಿದ್ದ ನಮೂನೆಯಲ್ಲಿ ‘ವಿತರಿಸಲಾಗಿದೆ’ ಎಂಬ ಅಂಕಣವಿತ್ತು, ‘ಓಡುತ್ತಿದೆ’ ಎಂಬುದಿರಲಿಲ್ಲ. ನಾನು ಗುರುತು ಹಾಕಿ ಸಹಿ ಮಾಡಿದೆ. ಹೊಸ ಅಂಕಣವೊಂದನ್ನು ಸೇರಿಸಬಹುದಿತ್ತೆಂಬುದು ಆಗ ನನಗೆ ಹೊಳೆಯಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಸವಕಳಿ ಎಂಬುದು ಮೊದಲ ಪಾಠಗಳಲ್ಲೊಂದು. ಆಸ್ತಿ ಸೃಷ್ಟಿಸಿದ ದಿನದಿಂದಲೇ ಅದು ಸವೆಯತೊಡಗುತ್ತದೆ. ದುರಸ್ತಿಗೆ ಹಣ ತೆಗೆದಿಡದ ಹೂಡಿಕೆ ಅರ್ಧ ಹೂಡಿಕೆ. ಹಳಿಯಾಳ, ಮುಂಡಗೋಡದಂಥ ಊರುಗಳಲ್ಲಿ ಪೇಟೆಯೂ ಸೈಕಲ್ ಅಂಗಡಿಯೂ ಮಗುವಿನ ಕೈಗೆಟಕುವಷ್ಟು ಹತ್ತಿರ. ಕಾಡಿನೊಳಗೆ ಚದುರಿದ ಜೋಯಿಡಾದ ಮಜರೆಗಳ ಸ್ಥಿತಿ ಹಾಗಲ್ಲ. ಒಂದೇ ಸೈಕಲ್, ಒಂದೇ ಬೆಲೆ. ಆದರೆ ಅದನ್ನು ಓಡುವಂತೆ ಇಟ್ಟುಕೊಳ್ಳುವ ಖರ್ಚು ತಾಲ್ಲೂಕಿನಿಂದ ತಾಲ್ಲೂಕಿಗೆ ಬೇರೆ. ನಮ್ಮ ಲೆಕ್ಕದಲ್ಲಿ ಈ ವ್ಯತ್ಯಾಸಕ್ಕೆ ಸ್ಥಳವಿರಲಿಲ್ಲ.

2020ರ ಕೋವಿಡ್ ಕಾಲದಲ್ಲಿ ವಿತರಣೆ ನಿಂತಿತು. ಮತ್ತೆ ಕೊಡಬೇಕೆಂಬ ಬೇಡಿಕೆ ಅನಂತರ ಆಗಾಗ ಕೇಳಿಬಂದಿದೆ, ಅದು ನ್ಯಾಯವಾದುದೇ. ಆದರೆ ಕೊಡುವುದಾದರೆ ನೂರು ಸೈಕಲಿಗೆ ಒಂದಿಷ್ಟು ಚೈನು, ಟ್ಯೂಬು, ಬ್ರೇಕ್ ರಬ್ಬರ್, ಎರಡು ಪಾನಾ, ಒಂದು ಪಂಪನ್ನು ಶಾಲೆಯಲ್ಲಿಯೇ ಇರಿಸಬೇಕು. ಸಮೀಪದ ಪೇಟೆಯ ಸೈಕಲ್ ರಿಪೇರಿಯವನಿಗೆ ದಿನಗೂಲಿಯೂ ಬಸ್ ಖರ್ಚೂ ಕೊಟ್ಟು ತಿಂಗಳಿಗೊಮ್ಮೆ ಕರೆಸಬೇಕು. ಮಕ್ಕಳು ಪಕ್ಕದಲ್ಲಿ ಕುಳಿತು ಕಲಿಯಲಿ. ನಮೂನೆಯಲ್ಲಿ ‘ಓಡುತ್ತಿದೆ’ ಎಂಬ ಅಂಕಣವೂ ಇರಲಿ. ಬೊಕ್ಕಸಕ್ಕೆ ಇದು ಭಾರವಾಗದು.

ಹಳಿಯಾಳದ ಆ ಅಂಗಡಿಯ ಮುಂದೆ ಈಗಲೂ ಒಮ್ಮೊಮ್ಮೆ ಇಳಿಯುತ್ತೇನೆ. ಈ ಕೆಲಸ ಕಲಿಯಲು ಈಚೆಗೆ ಯಾರೂ ಬರುತ್ತಿಲ್ಲ ಎಂದು ಆತ ಹೇಳುತ್ತಾನೆ. ಅವನಿಗೂ ಈಗ ನನ್ನಷ್ಟೇ ವಯಸ್ಸು.